ಹನ್ನೆರಡಕ್ಕೆ ಒಂದು

ಕಾಫಿ ಲೋಟ ಹಿಡಿದಾಗ ನನ್ನ ಬಲಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಸೇರುವುದಿಲ್ಲ. ಮದುವೆಮನೆಯಲ್ಲಿ ಮುನಿಸಿಕೊಂಡು ಚಪ್ಪರದ ಕಂಬಕ್ಕೆ ಒರಗಿ ನಿಂತ ಸೋದರಮಾವನ ಹಾಗೆ ಒಂದು ಪಕ್ಕಕ್ಕೆ ಸೆಟೆದು ನಿಲ್ಲುತ್ತದೆ. ಹೊಸದಾಗಿ ನೋಡಿದವರು ಇದನ್ನು ನನ್ನ ಶೋಕಿ ಎಂದುಕೊಳ್ಳುತ್ತಾರೆ. ಮೊನ್ನೆ ಮನೆಗೆ ಬಂದ ಸೊಸೆಯ ತವರಿನವರೊಬ್ಬರು ಬಹಳ ಹೊತ್ತು ಆ ಬೆರಳನ್ನೇ ನೋಡಿ, "ತಾವು ವೀಣೆ ನುಡಿಸ್ತಿದ್ರಾ?" ಎಂದು ಭಕ್ತಿಯಿಂದ ಕೇಳಿದರು. ಹೌದೆನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ವೀಣೆ ಅಲ್ಲ, ಫುಟ್‌ಬಾಲು. ಅದೂ ಹನ್ನೆರಡು ಗೋಲು ತಿಂದು!"

ಆ ಆಟ ನಡೆದಾಗ ಅವಳಿಗೂ ನನಗೂ ಮದುವೆಯಾಗಿರಲಿಲ್ಲ. ಆದರೂ ನನ್ನ ಲೆಕ್ಕ ನನಗಿಂತ ಚೆನ್ನಾಗಿ ಅವಳಿಗೆ ನೆನಪಿದೆ. ದಾಂಪತ್ಯ ಎಂದರೆ ಇದೇ ಇರಬೇಕು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಹೊಳೆನರಸೀಪುರದ ಮಿಡ್ಲ್ ಸ್ಕೂಲಿಗೆ ಹೊಸ ಮೇಷ್ಟ್ರಾಗಿ ಬಂದಿದ್ದೆ. ಊರಿನಲ್ಲೊಂದು ಫುಟ್‌ಬಾಲ್ ಕ್ಲಬ್ಬು ಇತ್ತು. ಅದರ ಕ್ಯಾಪ್ಟನ್ ಶಾಂತಪ್ಪ, ಪೇಟೆಬೀದಿಯ ಜವಳಿ ಅಂಗಡಿಯವರ ಮಗ, ನನ್ನದೇ ವಯಸ್ಸು. ನಾನು ಅಂಗಿಬಟ್ಟೆ ಕೊಳ್ಳಲು ಹೋದಾಗ ಅವನು ಬಟ್ಟೆ ಅಳೆಯುವುದನ್ನು ಬಿಟ್ಟು ಕಣ್ಣಿನಲ್ಲೇ ನನ್ನನ್ನು ಮೇಲಿನಿಂದ ಕೆಳಗೆ ಅಳೆದ.

"ಮೇಷ್ಟ್ರೇ, ಒಳ್ಳೇ ಉದ್ದ ಇದೀರ. ಗೋಲಲ್ಲಿ ನಿಂತ್ಕೊಳ್ಳಿ."

"ನನಗೆ ಆಟ ಬರಲ್ಲ ಶಾಂತಪ್ಪ."

"ಬರಬೇಕಾದ್ದು ಆಡೋರಿಗೆ. ನೀವು ನಿಂತ್ಕೊಂಡ್ರೆ ಸಾಕು."

ನಾನು ಅವನ ಮಾತನ್ನು ಅಕ್ಷರಶಃ ಪಾಲಿಸಿದೆ. ಆ ಕ್ಲಬ್ಬಿನಲ್ಲಿದ್ದಷ್ಟು ಕಾಲವೂ ನಿಂತುಕೊಂಡೇ ಇದ್ದೆ. ಚೆಂಡು ತಾನಾಗಿ ನನ್ನ ಮೇಲೆ ಬಂದು ಬಿದ್ದರೆ ಜನ "ಭೇಷ್" ಎನ್ನುತ್ತಿದ್ದರು.

ಬೇಸಿಗೆಯಲ್ಲಿ ಹೇಮಾವತಿ ಬತ್ತಿ ಸೊರಗಿದಾಗ ದಡದಲ್ಲಿ ಹರಡಿಕೊಳ್ಳುತ್ತಿದ್ದ ಮರಳೇ ನಮ್ಮ ಮೈದಾನ. ಮರಳಿನಲ್ಲಿ ಚೆಂಡು ಉರುಳುವುದಿಲ್ಲ, ಒದ್ದ ಜಾಗದಲ್ಲೇ ಹೂತು ಕೂರುತ್ತದೆ. ಅದನ್ನು ಹೆಕ್ಕಿ ಮುಂದಕ್ಕೆ ತಳ್ಳುವಷ್ಟರಲ್ಲಿ ಎದುರಾಳಿ ಬೀಡಿ ಹಚ್ಚಿ ಎರಡು ದಮ್ಮು ಎಳೆದು ಬರಬಹುದಾಗಿತ್ತು. ಹಾಗಾಗಿ ನಮ್ಮದು ಬಹಳ ಯೋಚನೆ ಮಾಡಿ ಆಡುವ ಆಟ. ಅದರಲ್ಲಿ ಓಡಬಲ್ಲವನು ಒಬ್ಬನೇ, ಸಿದ್ದಯ್ಯ. ಊರಾಚೆಯ ಕೇರಿಯವನು. ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಕೆಲಸ. ಸಂಜೆ ನೀರೆತ್ತುವ ಯಂತ್ರ ನಿಲ್ಲಿಸಿ, ಎಣ್ಣೆಗೈಯನ್ನು ಮರಳಿನಲ್ಲಿ ಉಜ್ಜಿಕೊಂಡು ಆಟಕ್ಕೆ ಇಳಿಯುತ್ತಿದ್ದ. ಬರಿಗಾಲು, ಮಾತು ಕಮ್ಮಿ. ಊರಿಗೆಲ್ಲ ನೀರು ಬಿಡುತ್ತಿದ್ದವನು ಅವನು. ಆಟ ಮುಗಿಸಿ ನಾವೆಲ್ಲ ಹೋಟೆಲಿಗೆ ಹೋದರೆ ಅವನ ಕಾಫಿ ಮಾತ್ರ ಹೊರಗಿನ ಕಟ್ಟೆಗೆ, ಬೇರೆ ಲೋಟದಲ್ಲಿ ಬರುತ್ತಿತ್ತು. ನಾವು ಒಳಗೆ ಕುಡಿಯುತ್ತಿದ್ದೆವು. ಅದೇಕೆ ಹಾಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಶಾಂತಪ್ಪ ಮಾತ್ರ ಕೆಲವು ದಿನ ತನ್ನ ಲೋಟ ಹಿಡಿದುಕೊಂಡು ಹೊರಗೆ ಹೋಗಿ ಅವನ ಪಕ್ಕ ಕೂರುತ್ತಿದ್ದ. ಒಳಗೆ ಸೆಕೆ ಎಂದು ನೆಪ ಹೇಳುತ್ತಿದ್ದ.

ನಮ್ಮ ಕ್ಲಬ್ಬಿಗೆ ಆಗ ಒಂದು ವಿಜಯವೂ ಇತ್ತು. ಅದನ್ನು ಹೇಳದೆ ಮುಂದೆ ಹೋದರೆ ಊರಿನವರು ಬೇಸರ ಮಾಡಿಕೊಳ್ಳುತ್ತಾರೆ. ಅರಕಲಗೂಡಿನ ತಂಡ ನಮ್ಮ ಮೇಲೆ ಆಡಲು ಬರಬೇಕಿತ್ತು. ಅವರ ಸೆಂಟರ್ ಫಾರ್ವರ್ಡ್ ರುದ್ರಪಟ್ಟಣದ ಹುಡುಗ. ಪಂದ್ಯದ ದಿನವೇ ಅಲ್ಲಿ ಅವನ ತಾತನ ಸಂಗೀತ ಕಛೇರಿ ಇತ್ತು. ಹಿಂದೆ ಕೂತು ತಂಬೂರಿ ಮೀಟಲು ಇವನು ಹೋದ, ಇವನ ಹಿಂದೆ ಊಟಕ್ಕೆಂದು ಅರ್ಧ ತಂಡ ಹೋಯಿತು. ನಾವು ಮಧ್ಯಾಹ್ನವೆಲ್ಲ ಮರಳಿನಲ್ಲಿ ಬೆಂದೆವು. ಕೊನೆಗೆ ರೆಫ್ರಿ ನಮ್ಮನ್ನು ಗೆದ್ದವರೆಂದು ಸಾರಿ ಮನೆಗೆ ನಡೆದರು. ಆ ಪಂದ್ಯದಲ್ಲಿ ನಾನು ಒಂದೂ ಗೋಲು ಬಿಟ್ಟುಕೊಡಲಿಲ್ಲ.

ಆಮೇಲೆ ಬಂದದ್ದು ಚನ್ನರಾಯಪಟ್ಟಣದ ಪಂದ್ಯಾವಳಿ. ನಮ್ಮ ಎದುರಿಗೆ ಹಾಸನದ ತಂಡ. ಅವರೆಲ್ಲರಿಗೂ ಬೂಟು ಇತ್ತು. ಮೈದಾನ ಕಲ್ಲಿನಂಥ ಗಟ್ಟಿ ನೆಲ. ಅಲ್ಲಿ ಚೆಂಡು ಉರುಳುತ್ತದೆ, ಅಷ್ಟೇ ಅಲ್ಲ, ಹಾರುತ್ತದೆ ಎಂಬುದು ನಮಗೆ ಹೊಸ ಸಂಗತಿ. ನಾನು ಬೆಳಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಜನ ಎಷ್ಟು ಸೇರಿದ್ದಾರೆ ಎಂದು ನೋಡುತ್ತಿದ್ದಾಗಲೇ ಮೊದಲ ಗೋಲು ನನ್ನ ಕಿವಿಯ ಪಕ್ಕ ಹಾದುಹೋಯಿತು. ಆಮೇಲೆ ಅವು ಸಾಲಾಗಿ ಬಂದವು. ಅರ್ಧ ಆಟ ಕಳೆದ ಮೇಲೆ ಒಂದನ್ನು ತಡೆಯಲೇಬೇಕೆಂದು ಕೈ ಚಾಚಿದೆ. ಚೆಂಡು ನನ್ನ ಕಿರುಬೆರಳನ್ನು ಹಿಂದಕ್ಕೆ ಮಡಚಿಕೊಂಡು ಒಳಗೆ ಹೋಯಿತು. ಶಾಂತಪ್ಪ ಓಡಿ ಬಂದ.

"ಆಗತ್ತಾ ಮೇಷ್ಟ್ರೇ?"

"ಆಗತ್ತೆ" ಎಂದೆ. ನನ್ನ ಬದಲಿಗೆ ನಿಲ್ಲುವವರು ಯಾರೂ ಇರಲಿಲ್ಲ. ಅವನು ತನ್ನ ಕರ್ಚೀಫಿನಿಂದ ಎರಡು ಬೆರಳು ಸೇರಿಸಿ ಬಿಗಿದ.

ಹನ್ನೊಂದು ಗೋಲು ಬಿದ್ದ ಮೇಲೆ ಹಾಸನದವರು ಆಟ ಸಡಿಲ ಬಿಟ್ಟು ತಮ್ಮತಮ್ಮಲ್ಲೇ ನಗುತ್ತಿದ್ದರು. ಆಗ ಸಿದ್ದಯ್ಯ ನಡುಮೈದಾನದಲ್ಲಿ ಒಬ್ಬನ ಕಾಲಿನಿಂದ ಚೆಂಡು ಎಳೆದುಕೊಂಡ. ಮರಳಿನಲ್ಲಿ ಓಡಿ ಕಲಿತ ಕಾಲಿಗೆ ಗಟ್ಟಿ ನೆಲ ಸಿಕ್ಕಿತ್ತು. ಅವನು ಹಾಗೆ ಓಡಬಲ್ಲನೆಂದು ನಮಗೂ ಗೊತ್ತಿರಲಿಲ್ಲ, ಪ್ರಾಯಶಃ ಅವನಿಗೂ. ಬೂಟಿನವರು ಹಿಂದೆ ಉಳಿದರು. ಗೋಲು ಕಾಯುತ್ತಿದ್ದ ಅವರ ಗೋಲಿ ಮುಂದೆ ನುಗ್ಗಿ ಬಂದ. ಸಿದ್ದಯ್ಯ ಅವನ ಕಾಲ ಸಂದಿಯಲ್ಲಿ ಚೆಂಡನ್ನು ಮೆಲ್ಲಗೆ, ತೊಟ್ಟಿಲು ತೂಗುವವರ ಹಾಗೆ, ದೂಡಿಬಿಟ್ಟ. ಆಮೇಲೆ ಚನ್ನರಾಯಪಟ್ಟಣದ ಜನ ಟವೆಲ್ಲು ಬೀಸಿ ಕೂಗಿದ ಕೂಗು! ನಮ್ಮೂರಿನವರಲ್ಲದವರು, ನಮ್ಮನ್ನು ಅಷ್ಟು ಹೊತ್ತು ಗೇಲಿ ಮಾಡುತ್ತಿದ್ದವರು, ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಯಾವ ಕೇರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಹನ್ನೆರಡನೆಯ ಗೋಲು ಹೇಗೆ ಬಿತ್ತೋ ನನಗೆ ತಿಳಿಯದು. ನಾನಿನ್ನೂ ಸಿದ್ದಯ್ಯನ ಕಡೆಗೇ ನೋಡುತ್ತಿದ್ದೆ.

ನನ್ನ ಬೆರಳು ಬದನೆಕಾಯಿಯಂತಾಗಿತ್ತು. ಶಾಂತಪ್ಪ ಸಿದ್ದಯ್ಯನನ್ನು ಜೊತೆಮಾಡಿ ನನ್ನನ್ನು ಹಾಸನದ ಬಸ್ಸು ಹತ್ತಿಸಿದ. ಶಾಂತಿಗ್ರಾಮದಲ್ಲಿ ಹಾಲಿನ ಕ್ಯಾನು ಹಿಡಿದು ಹತ್ತಿದ ಮುದುಕರೊಬ್ಬರು ನಮ್ಮ ಕೆಂಪು ಧೂಳು, ನನ್ನ ಕೈಕಟ್ಟು ನೋಡಿ, "ಏನಪ್ಪಾ, ಒಡದಾಟ್ವಾ?" ಎಂದರು.

"ಇಲ್ಲ ಯಜಮಾನ್ರೇ, ಬಾಲ್ ಆಡಕ್ಕೋಗಿದ್ದೊ" ಎಂದ ಸಿದ್ದಯ್ಯ.

"ಗೆದ್ರಾ?"

ಸಿದ್ದಯ್ಯ ಕಿಟಕಿಯ ಕಡೆ ತಿರುಗಿದ. "ಒಂದ್ ಗೋಲ್ ಒಡುದ್ವಿ" ಎಂದ. ಅದು ಸುಳ್ಳಲ್ಲವಲ್ಲ!

ಹಾಸನದ ಆಸ್ಪತ್ರೆಯಲ್ಲಿ ಬೆರಳು ಕಟ್ಟಿದವರು ಒಬ್ಬ ಇಂಗ್ಲಿಷ್ ನರ್ಸು. ಎಲ್ಲರೂ ಅವರನ್ನು ಸಿಸ್ಟರಮ್ಮ ಎನ್ನುತ್ತಿದ್ದರು. ಅವರು ಕನ್ನಡದ ವ್ಯಾಕರಣವನ್ನು ಒಬ್ಬ ಪಂಡಿತರಿಂದಲೂ ಮಾತನ್ನು ಆಸ್ಪತ್ರೆಯ ಆಯಾಗಳಿಂದಲೂ ಕಲಿತಿದ್ದರು. ಎರಡೂ ಒಂದೇ ವಾಕ್ಯದಲ್ಲಿ ಬರುತ್ತಿದ್ದವು.

"ತಾವು ದಯವಿಟ್ಟು ಅಲ್ಲಾಡದೆ ಸುಮ್ಕಿರ್ಲಾ" ಎಂದು ನನ್ನ ಕೈ ಹಿಡಿದರು. "ಇದು ಹೇಗೆ ಸಂಭವಿಸಿತು?"

"ಫುಟ್‌ಬಾಲು."

ಅವರ ಕೈ ನಿಂತಿತು. ನೋವು ಎಷ್ಟಿದೆ ಎಂದು ಕೇಳುತ್ತಾರೆಂದುಕೊಂಡೆ. ಅವರು ಕೇಳಿದ್ದು, "ಎಷ್ಟಕ್ಕೆ ಎಷ್ಟು?"

ಹೇಳಿದೆ. ತುಟಿ ಬಿಗಿಹಿಡಿದರು, ನಗು ತಡೆಯುತ್ತಿದ್ದರು ಎಂದು ಕಾಣುತ್ತದೆ. "ಆ ಒಂದನ್ನು ಹೊಡೆದವನು ಯಾರು?"

ಸಿದ್ದಯ್ಯ ಬಾಗಿಲ ಬಳಿ, ಹೊಸ್ತಿಲಾಚೆ ನಿಂತಿದ್ದ. "ನಾನೇ ಕಣ್ರವ್ವ" ಎಂದ. ಸಿಸ್ಟರಮ್ಮ ನನ್ನ ಮುರಿದ ಬೆರಳನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಹೋಗಿ ಅವನ ಕೈ ಕುಲುಕಿದರು. "ಒಳಕ್ಕೆ ಬಂದು ಕೂತ್ಕೋ, ಹೊರಗ್ಯಾಕೆ?" ಎಂದರು. ಅವನು ಬಂದು ಸ್ಟೂಲಿನ ಅಂಚಿನಲ್ಲಿ ಕೂತ. ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ.

ಬೆರಳಿಗೆ ಪಟ್ಟಿ ಸುತ್ತುತ್ತಾ ಅವರು ತಮ್ಮೂರಿನ ಕ್ಲಬ್ಬಿನ ಕಥೆ ಹೇಳಿದರು. ಗಿರಣಿಗಳ ಊರಂತೆ ಅದು, ಸದಾ ಹೊಗೆ. ಅಪ್ಪನಿಗೆ ನೂಲಿನ ಗಿರಣಿಯಲ್ಲಿ ಕೆಲಸ. ಶನಿವಾರ ಅರ್ಧ ದಿನ ರಜೆ, ಊರಿಗೆ ಊರೇ ಕ್ಲಬ್ಬಿನ ಮೈದಾನಕ್ಕೆ ನಡೆಯುತ್ತಿತ್ತಂತೆ. ಆಡುವವರು ಸಂಬಳಕ್ಕೆ ಆಡುವವರು, ಅದೇ ಅವರ ಕಸುಬು. ಇದು ನಮಗಿಬ್ಬರಿಗೂ ನಂಬಲು ಕಷ್ಟವಾಯಿತು. ಆ ಕ್ಲಬ್ಬು ಸಿಸ್ಟರಮ್ಮ ಹುಟ್ಟುವ ಮೊದಲು ಒಮ್ಮೆ ಇಡೀ ದೇಶದ ಪಂದ್ಯಾವಳಿಯ ಕಪ್ಪು ಗೆದ್ದಿತ್ತು. ಕಪ್ಪನ್ನು ಮರುವರ್ಷ ಹಿಂದಿರುಗಿಸಬೇಕಾದ್ದರಿಂದ ಗಾಜಿನ ಬೀರುವಿನಲ್ಲಿ ಈಗ ಅದರ ಫೋಟೋ ಮಾತ್ರ ಇದೆಯಂತೆ. ಎರಡನೇ ದರ್ಜೆಯ ತಂಡಗಳ ಪಂದ್ಯಗಳಲ್ಲಿ ಒಂದೆರಡು ಸಲ ಮೊದಲ ಸ್ಥಾನ. ಪಂದ್ಯದ ದಿನ ಬಾಗಿಲಲ್ಲಿ ಮಾರುವ ಹಾಳೆಯಲ್ಲಿ ಈ ಗೌರವಗಳನ್ನೆಲ್ಲ ಅಚ್ಚು ಹಾಕುತ್ತಾರೆ. ಅದರ ಕೆಳಗೆ ದಾಖಲೆಗಳು: ಅತಿ ಹೆಚ್ಚು ಜನ ಸೇರಿದ್ದು ಯಾವಾಗ, ಅತಿ ಹೆಚ್ಚು ಪಂದ್ಯ ಆಡಿದವನು ಯಾರು ("ಅವನೂ ಗೋಲಿಯೇ, ನಿನ್ನ ಹಾಗೆ" ಎಂದು ನನ್ನನ್ನು ಸಮಾಧಾನಪಡಿಸಿದರು), ಅತಿ ದೊಡ್ಡ ಗೆಲುವು ಯಾವುದು. ಅದರ ಮುಂದಿನ ಸಾಲು, ಅತಿ ದೊಡ್ಡ ಸೋಲು.

"ಸೋಲನ್ನೂ ಬರೆಯುತ್ತಾರೆಯೇ?" ಎಂದೆ.

"ಬರೆಯದೆ? ಅದೂ ನಮ್ಮದೇ ಅಲ್ವೇನ್ಲಾ?"

ಆ ದೊಡ್ಡ ಸೋಲಿನ ದಿನ ಅವರು ಪುಟ್ಟ ಹುಡುಗಿ, ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದರಂತೆ. ಆದರೂ ಅಪ್ಪ ಮುಂದಿನ ಶನಿವಾರ ಮತ್ತೆ ಹೊರಟ. ಅಂದಿನಿಂದ ಹಾಳೆ ಕೊಂಡಾಗಲೆಲ್ಲ ಕಪ್ಪಿನ ಸಾಲನ್ನು ಬಿಟ್ಟು ಆ ಸೋಲಿನ ಸಾಲಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿದ್ದವರಿಗೆ ಕೇಳುವ ಹಾಗೆ, "ಅವತ್ತು ನಾನಿದ್ದೆ, ನನ್ನ ಮಗಳೂ ಇದ್ದಳು" ಎನ್ನುತ್ತಿದ್ದನಂತೆ.

ಸಿದ್ದಯ್ಯ ಇದನ್ನೆಲ್ಲ ಗಂಭೀರವಾಗಿ ಕೇಳಿಸಿಕೊಂಡು, "ಅವತ್ತು ನಿಮ್ಮೋರು ಒಂದೂ ಒಡೀನಿಲ್ವಾ ಅವ್ವ?" ಎಂದ.

"ಇಲ್ಲ. ಸೊನ್ನೆ."

ಅವನು ಲೆಕ್ಕ ಹಾಕಿದ. "ಅಂಗಾರೆ ನಾವೇ ವಾಸಿ."

ಸಿಸ್ಟರಮ್ಮ ನಕ್ಕ ನಗುವಿಗೆ ವಾರ್ಡಿನಲ್ಲಿ ಮಲಗಿದ್ದವರು ಎದ್ದು ಕೂತರು.

ಆಮೇಲೆ ಹಾಸನಕ್ಕೆ ಹೋದಾಗಲೆಲ್ಲ ನಾನು ಅವರನ್ನು ಕಂಡು ಬರುತ್ತಿದ್ದೆ. ನೆಂಟರ ಕ್ಷೇಮ ಕೇಳುವ ಹಾಗೆ, "ನಿಮ್ಮ ಕ್ಲಬ್ಬು ಹೇಗಿದೆ?" ಎನ್ನುತ್ತಿದ್ದೆ. ಅವರ ಅಣ್ಣ ಕಳಿಸುತ್ತಿದ್ದ ಸುದ್ದಿ ಹಡಗಿನಲ್ಲಿ ಬರುವಷ್ಟರಲ್ಲಿ ಹಳಸಿರುತ್ತಿತ್ತು. ಅಲ್ಲಿ ಯಾವಾಗಲೋ ಸೋತದ್ದಕ್ಕೆ ಇಲ್ಲಿ ಅವರ ಮುಖ ಅಂದು ಬಾಡಿರುತ್ತಿತ್ತು. ಅರವತ್ತರ ದಶಕದಲ್ಲಿ ಅವರು ಊರಿಗೆ ವಾಪಸು ಹೊರಟಾಗ ಕ್ಲಬ್ಬು ಇನ್ನೂ ಒಂದು ದರ್ಜೆ ಕೆಳಗಿಳಿದಿತ್ತು. "ಹೋಗಬೇಕು ಕಣಪ್ಪ, ಈಗಲೇ ಅಲ್ಲಿ ಜನ ಕಮ್ಮಿ" ಎಂದರು, ಅವರೊಬ್ಬರು ಹೋಗಿ ನಿಂತರೆ ಮೈದಾನ ತುಂಬುತ್ತದೆ ಎಂಬಂತೆ. ನನಗೆ ಅದರ ಹೆಸರನ್ನು ಸರಿಯಾಗಿ ಉಚ್ಚರಿಸಲು ಕೊನೆಯವರೆಗೂ ಬರಲಿಲ್ಲ. ಆದರೂ ನಾನು ಪ್ರಪಂಚದಲ್ಲಿ ಪಕ್ಷ ವಹಿಸಿದ ಒಂದೇ ಕ್ಲಬ್ಬು ಅದು.

ಅವರು ಹೇಳಿದ ಆ ಸೋಲಿನ ಸಾಲು ನನ್ನನ್ನು ಬಹಳ ಕಾಡಿತು. ನಮ್ಮ ಮನೆಗಳ ಗೋಡೆ ನೋಡಿ. ಡಿಗ್ರಿ ಪಡೆದವನ ಕರಿ ಗೌನಿನ ಫೋಟೋ ಇರುತ್ತದೆ, ಮೂರು ಸಲ ಫೇಲಾದ ಅವನ ತಮ್ಮನದು ಇರುವುದಿಲ್ಲ. ನೆಂಟರು ಬಂದಾಗ ಅವನನ್ನೇ ಹಿತ್ತಲಿಗೆ ಕಳಿಸುತ್ತೇವೆ. ಹಿಂದಿನವರು ಹೀಗಿರಲಿಲ್ಲವೇನೋ. ನಮ್ಮ ಸೀಮೆಯ ಕೆರೆ ಏರಿಗಳ ಬಳಿ ವೀರಗಲ್ಲುಗಳಿವೆ. ಊರಿನ ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು ಸತ್ತವನಿಗೆ ಕಲ್ಲು ನಿಲ್ಲಿಸಿದ್ದಾರೆ. ದನ ಹೊಡೆದುಕೊಂಡು ಕ್ಷೇಮವಾಗಿ ಮನೆ ಸೇರಿದವನ ಕಲ್ಲನ್ನು ನಾನಂತೂ ಕಂಡಿಲ್ಲ.

ಇರಲಿ. ಬೆರಳಿನ ಪಟ್ಟಿ ಬಿಚ್ಚುವ ಹೊತ್ತಿಗೆ ಊರಿನಲ್ಲಿ ಇನ್ನೊಂದು ಪ್ರಕರಣ ಶುರುವಾಗಿತ್ತು. ನಮ್ಮ ಕ್ಲಬ್ಬಿನ ಅಧ್ಯಕ್ಷರು ನಿವೃತ್ತ ಅಮಲ್ದಾರರು. ಊರಿನ ವಾಚನಾಲಯಕ್ಕೂ ಅವರೇ ಅಧ್ಯಕ್ಷರು. ಕ್ಲಬ್ಬಿನ ಸಾಧನೆಯನ್ನು ಬರೆದ ಒಂದು ಹಲಗೆಯನ್ನು ವಾಚನಾಲಯದ ಗೋಡೆಗೆ ಹಾಕಬೇಕೆಂದು ಅವರಿಗೆ ಮನಸ್ಸಾಯಿತು. ಶಾಂತಪ್ಪ ತಮ್ಮ ಅಂಗಡಿಯಿಂದ ಒಳ್ಳೆಯ ಹಲಗೆ ತಂದುಕೊಟ್ಟ. ಅದರ ಮೇಲೆ ಏನು ಬರೆಸುವುದೆಂದು ನಮ್ಮನ್ನು ಕರೆದರು. ಸಿದ್ದಯ್ಯ ಬರಲಿಲ್ಲ. ವಾಚನಾಲಯಕ್ಕೆ ಬರಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ.

"ಅರಕಲಗೂಡಿನ ಮೇಲೆ ವಿಜಯ. ಅಷ್ಟು ಸಾಕು" ಎಂದರು ಅಮಲ್ದಾರರು.

"ಅದು ಆಡೇ ಇಲ್ವಲ್ಲ ಸಾರ್" ಎಂದ ಶಾಂತಪ್ಪ. "ಆಡಿದ್ದು ಹಾಸನದ ಮೇಲೆ."

"ಅದನ್ನು ಬರೆಸಿ ಊರಿನ ಮಾನ ಕಳೆಯೋದೇ?"

ನಾನು ಸಿಸ್ಟರಮ್ಮನ ಕ್ಲಬ್ಬಿನ ವಿಷಯ ಹೇಳಿದೆ. ಅಲ್ಲಿ ದೊಡ್ಡ ಗೆಲುವಿನ ಕೆಳಗೇ ದೊಡ್ಡ ಸೋಲನ್ನು ಬರೆಯುತ್ತಾರೆ ಎಂದೆ. ಅಮಲ್ದಾರರು ಕನ್ನಡಕ ತೆಗೆದರು. ಸ್ವಾತಂತ್ರ್ಯ ಬಂದು ಅಷ್ಟು ವರ್ಷವಾದರೂ ಅವರಿಗೆ ಇಂಗ್ಲೆಂಡಿನ ಮೇಲಿನ ಗೌರವ ಇಳಿದಿರಲಿಲ್ಲ. "ಇಂಗ್ಲೆಂಡಿನಲ್ಲಿ ಹಾಗೆ ಮಾಡುತ್ತಾರೆ ಎಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ" ಎಂದು ಒಪ್ಪಿದರು. ಸೋಲಿಗೆ ಗೋಡೆಯ ಮೇಲೆ ಜಾಗ ಸಿಕ್ಕಿತು.

ಆಗ ಶಾಂತಪ್ಪ, "ಗೋಲು ಹೊಡೆದವನ ಹೆಸರೂ ಹಾಕ್ಬೇಕು ಸಾರ್. ಸಿದ್ದಯ್ಯ" ಎಂದ.

ಒಬ್ಬರು ಪೇಪರು ಮಗುಚಿದರು. "ಹೆಸರು ಯಾಕೆ, ಅಂಕೆ ಇದ್ದರೆ ಸಾಲದೇ" ಎಂದರು ಅಮಲ್ದಾರರು, ಸ್ವಲ್ಪ ಮೆಲ್ಲಗೆ. ಅದು ಯಾಕೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಗೋಡೆಯ ಮೇಲೆ ಆಗಲೇ ಕೆಲವು ಹೆಸರುಗಳಿದ್ದವು, ಕಟ್ಟಡಕ್ಕೆ ದಾನ ಕೊಟ್ಟವರವು. ಅವುಗಳಲ್ಲಿ ಶಾಂತಪ್ಪನ ಅಪ್ಪನದೂ ಒಂದು.

ಶಾಂತಪ್ಪ ದನಿ ಏರಿಸಲಿಲ್ಲ. ಎದ್ದು ಹೋಗಿ ಗೋಡೆಗೆ ಒರಗಿಸಿದ್ದ ಹಲಗೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಎಲ್ಲಿಗಯ್ಯಾ?"

"ಅಂಗಡಿಗೆ. ಗಿರಾಕಿಗಳು ಕೂರಕ್ಕೆ ಬೆಂಚಿಲ್ಲ ಸಾರ್, ಅದಕ್ಕಾದ್ರೂ ಆಗತ್ತೆ. ನಾಳೆಯಿಂದ ಆಟಕ್ಕೂ ಬೇರೆಯವರನ್ನ ನೋಡ್ಕೊಳ್ಳಿ."

ಅವನು ಬಾಗಿಲು ದಾಟಿದ್ದ. ನಾನೂ ಎದ್ದೆ. ಇದು ಧೈರ್ಯವೋ, ಅವನು ಹೋದ ಮೇಲೆ ಅಲ್ಲಿ ಒಬ್ಬನೇ ಕೂರಲು ಆದ ಮುಜುಗರವೋ, ಈಗಲೂ ಹೇಳಲಾರೆ. ಹಿಂದಿನಿಂದ ಅಮಲ್ದಾರರ ದನಿ ಕೇಳಿಸಿತು: "ಬಾರಯ್ಯ, ಬಾ. ಬರೆಸು. ಅಕ್ಷರ ದಪ್ಪ ಇರಬಾರದು, ಅಷ್ಟೇ."

ಹಾಗೆ ಹಲಗೆ ಗೋಡೆಗೆ ಬಂತು. 'ಅರಕಲಗೂಡಿನ ಮೇಲೆ ವಿಜಯ' ಎಂಬುದು ದಪ್ಪಕ್ಷರದಲ್ಲಿ. ಅದರ ಕೆಳಗೆ 'ಅತಿ ದೊಡ್ಡ ಸೋಲು: ಹಾಸನದ ಎದುರು, ಹನ್ನೆರಡಕ್ಕೆ ಒಂದು'. ಅದಕ್ಕೂ ಕೆಳಗೆ ಸಣ್ಣಗೆ, 'ನಮ್ಮ ಗೋಲು: ಸಿದ್ದಯ್ಯ'.

ಸಿದ್ದಯ್ಯ ಅದನ್ನು ನೋಡಲು ಬರಲಿಲ್ಲ. ಮರಳಿನ ಮೇಲೆ ಸಿಕ್ಕಾಗ ನಾನು ಕೇಳಿದರೆ, "ಐತೆ ಅಂತ ಗೊತ್ತಲ್ಲ, ಬುಡಿ ಮೇಷ್ಟ್ರೇ" ಎನ್ನುತ್ತಿದ್ದ. ಅವನು ಹೆದರಿದ್ದಾನೆಂದು ನಾನು ತಿಳಿದೆ. ಹೆದರಿಕೆಯಲ್ಲ ಅದು. ತನ್ನ ಹೆಸರು ಇರುವ ಮನೆಗೆ ಕರೆಯದೆ ಹೋಗಬಾರದು ಎಂಬ ಬಿಗುಮಾನವಿರಬೇಕು ಎಂದು ಈಗ ಅನ್ನಿಸುತ್ತದೆ. ನಾನು ಕೇಳಿದ್ದು ನೋಡಿದೆಯಾ ಎಂದು, ಬಾ ಎಂದಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾನೂ ಶಾಂತಪ್ಪನೂ ವಾಚನಾಲಯದ ಜಗಲಿಯಲ್ಲಿ ಕೂತಿದ್ದೆವು. ಸಂತೆಯ ಕಡೆಯಿಂದ ಸಿದ್ದಯ್ಯ ಅವನ ತಾಯಿಯ ಜೊತೆ ಬರುತ್ತಿದ್ದ. ಆಕೆಯ ತಲೆಯ ಮೇಲೆ ಕುಕ್ಕೆ. ಶಾಂತಪ್ಪ ಜಗಲಿಯಿಂದ ಇಳಿದು ಬೀದಿಗೇ ಹೋದ.

"ಸಿದ್ದಯ್ಯ, ಒಳಗ್ ಬಾ. ಅಮ್ಮನಿಗೆ ಹಲಗೆ ತೋರ್ಸು."

ಸಿದ್ದಯ್ಯ ಮೆಟ್ಟಿಲ ಕೆಳಗೆ ನಿಂತ. "ಇಲ್ಲಿಂದ್ಲೇ ಕಾಣ್ತದಲ್ಲ ಸಾ. ಅಗಾ ನೋಡವ್ವ, ಗ್ವಾಡೆ ಮ್ಯಾಲೆ."

ತಾಯಿ ಹಣೆಗೆ ಕೈಯಿಟ್ಟು ನೋಡಿದರು. "ನಂಗೆ ಕಣ್ಣು ಮಂಜು ಕಣ್ ಮಗ. ಇಲ್ಲಿಂದ ಎಂಗ್ ಕಂಡಾತು?" ಎಂದು ಕುಕ್ಕೆಯನ್ನು ಜಗಲಿಯ ಮೇಲಿಟ್ಟು, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ನೇರ ಒಳಗೆ ಹೋದರು. ಮಗ ಹಿಂದೆ ಬರಲೇಬೇಕಾಯಿತು. ಒಳಗೆ ಅಮಲ್ದಾರರು ಪೇಪರು ಓದುತ್ತಿದ್ದರು. ಪೇಪರನ್ನು ಕೆಳಗಿಳಿಸಿ ಆಕೆಯನ್ನು ನೋಡಿದರು. ಮತ್ತೆ ಪೇಪರನ್ನು ಮುಖದ ಮುಂದೆ ಎತ್ತಿಕೊಂಡರು. ಅದು ಮೊದಲಿಗಿಂತ ಸ್ವಲ್ಪ ಮೇಲೆಯೇ ಇತ್ತು.

"ಇದ್ರಾಗೆ ನನ್ ಮಗ ಎಲ್ಲವ್ನೆ ಮೇಷ್ಟ್ರೇ?"

ನಾನು ತೋರಿಸಿದೆ. ಆಕೆಗೆ ಓದು ಬಾರದು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಅಕ್ಷರಗಳ ಮೇಲೆ ಮೆಲ್ಲಗೆ ಎಳೆದರು. "ಇಷ್ಟೇಯಾ?" ಎಂದರು. ಆಮೇಲೆ, "ಸಾಕು ಬುಡು" ಎಂದರು. ಸಿದ್ದಯ್ಯ ನೆಲ ನೋಡುತ್ತಿದ್ದ.

"ಇನ್ನೇನ್ ಬರ್ದವ್ರೆ?"

"ಹಾಸನದವರು ಹನ್ನೆರಡು ಗೋಲು ಹೊಡೆದರು ಅಂತ."

"ಅವ್ರೆಸ್ರು?"

"ಅದು ಬರೆದಿಲ್ಲ."

ಆಕೆ ಅದನ್ನು ಮನಸ್ಸಿನಲ್ಲಿ ತೂಗಿ ನೋಡಿದರು. ಅಷ್ಟು ಮಂದಿ ಹೆಸರಿಲ್ಲದವರು ಒಂದು ಕಡೆ, ಹೆಸರಿರುವ ಮಗ ಇನ್ನೊಂದು ಕಡೆ. ಮುಖ ಅರಳಿತು. ಹೊರಡಲು ತಿರುಗಿದವರು ಏನೋ ನೆನಪಾಗಿ ನಿಂತರು.

"ಅಲ್ಲಾ, ಅಷ್ಟೊಂದು ಒಳೀಕ್ ಬುಟ್ಕಂಡೋನು ಯಾವನು ಅಂತೀನಿ?"

ಶಾಂತಪ್ಪ ಕೆಮ್ಮಿದ. ಪೇಪರಿನ ಹಿಂದೆ ಕೂಡ ಯಾರೋ ಕೆಮ್ಮಿದ ಹಾಗಾಯಿತು.

"ನಾನೇ ಕಣಮ್ಮ" ಎಂದೆ.

ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಕಣ್ಣಿನಲ್ಲಿ ಕನಿಕರ ಬಂತು. ಹತ್ತಿರ ಬಂದು ನನ್ನ ತೋಳು ಮುಟ್ಟಿ, ಒಳಗಿದ್ದವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, "ಓಗ್ಲಿ ಬುಡಪ್ಪ" ಎಂದರು. "ನಿನ್ನೆಸ್ರು ಬರ್ದಿಲ್ಲ."